ಕದಿರಮ್ಮ ಮೈದುನನಿಗೆ ಮಾಡಿದ ಫೋನು

ಕದಿರಮ್ಮನಿಗೂ ಅವಳ ಮೈದುನ ಪಾಪಣ್ಣನಿಗೂ ಮಾತು ನಿಂತು ವರ್ಷಗಳೇ ಆಗಿದ್ದವು. ಬೈಗುಳ ಮಾತ್ರ ನಿಂತಿರಲಿಲ್ಲ. ತಮಿಳುನಾಡಿನ ಹೊಸೂರಿನ ಹತ್ತಿರ, ಸಾನಮಾವು ಕಾಡಿನ ಅಂಚಿನ ಆ ಹಳ್ಳಿಯಲ್ಲಿ ಎರಡು ಮನೆಗೂ ನಡುವೆ ಒಂದೇ ಗೋಡೆ, ಎರಡು ಹೊಲಕ್ಕೂ ನಡುವೆ ಒಂದೇ ಬದು. ಬೆಳಗ್ಗೆ ಕದಿರಮ್ಮ ಬಾಗಿಲಿಗೆ ನೀರು ಹಾಕುವಾಗ ಪಾಪಣ್ಣ ಆಚೆ ಕಡೆಯಿಂದ ಕ್ಯಾಕರಿಸಿ ಉಗಿದರೆ, ಅದು ತನಗೇ ಉಗಿದದ್ದು ಎಂದು ಅವಳು ತಿಳಿಯುತ್ತಿದ್ದಳು. ಬಹಳ ಸಲ ಅದು ನಿಜವೂ ಆಗಿರುತ್ತಿತ್ತು.

ಜಗಳ ಹುಟ್ಟಿದ್ದು ಆನೆಗಳಿಂದ. ಪಾಪಣ್ಣ ತನ್ನ ಟೊಮೆಟೊ ಹೊಲದ ಸುತ್ತ ಸೋಲಾರ್ ತಂತಿಬೇಲಿ ಹಾಕಿಸಿದ. ಅತ್ತಿಗೆಯ ಹೊಲವನ್ನೂ ಸೇರಿಸಿ ಹಾಕಿಸಬಹುದಿತ್ತು. ಅವಳು ರಾಗಿ ಕೊಯ್ಲು ಮುಗಿಯಲಿ ಎಂದಿದ್ದಳು; ಅವನು ಕಾಯಲಿಲ್ಲ. ಬೇಲಿ ಬದುವಿನ ಹತ್ತಿರ ಬಂದು ನಿಂತಿತು. ಕಾಡಿನಿಂದ ಇಳಿದ ಆನೆಗಳು ತಂತಿಗೆ ಸೊಂಡಿಲು ತಾಕಿಸಿ, ಶಾಕ್ ಹೊಡೆಸಿಕೊಂಡು, ತಂತಿಯ ಗುಂಟವೇ ನಡೆದು ಬಂದು ನೇರವಾಗಿ ಕದಿರಮ್ಮನ ರಾಗಿಗೆ ನುಗ್ಗಿದವು. ತೆನೆ ಕಟ್ಟಿದ ಹೊಲ ಬೆಳಗಾಗುವಷ್ಟರಲ್ಲಿ ಕೆಸರುಗದ್ದೆಯ ಹಾಗಿತ್ತು.

"ಆನೇಗೆ ದಾರಿ ತೋರ್ಸಿ ನನ್ ಹೊಲಕ್ಕೆ ಬುಟ್ಟವ್ನೆ, ಮನೆಹಾಳ," ಎಂದು ಅವಳು ಬೀದಿಯಲ್ಲಿ ನಿಂತು ಕೂಗಿದಳು. ಮುಂದಿನ ವರ್ಷ ಅವನ ಟೊಮೆಟೊ ಕೆಂಪಾಗುವ ಹೊತ್ತಿಗೆ, ಊರೆಲ್ಲ ನೋಡುತ್ತಿರುವಾಗಲೇ ಕೊಡಲಿ ಹಿಡಿದು ಹೋಗಿ ಬೇಲಿಯ ಕಂಬಗಳನ್ನು ಕಡಿದು ಉರುಳಿಸಿದಳು. ಆ ವಾರವೇ ಆನೆಗಳು ಬಂದವು. ಆಮೇಲೆ ಪೊಲೀಸ್ ಸ್ಟೇಷನ್ ಆಯಿತು, ಪಂಚಾಯಿತಿ ಆಯಿತು, ಕೋರ್ಟಿನಲ್ಲಿ ಕೇಸೂ ಆಯಿತು. ಯಾರೂ ಗೆಲ್ಲಲಿಲ್ಲ.

ಬಾಯಿ ಇಲ್ಲದಿದ್ದರೆ ಕದಿರಮ್ಮ ಬದುಕುತ್ತಿರಲಿಲ್ಲ ಎನ್ನುವುದೂ ನಿಜ. ಗಂಡ ನಾರಾಯಣಪ್ಪ ಹಾವು ಕಚ್ಚಿ ಸತ್ತಾಗ ಮಗಳು ಕಲ್ಪನಾ ಇನ್ನೂ ಶಾಲೆಗೆ ಸೇರಿರಲಿಲ್ಲ. ಅವಳೇ ಉತ್ತಳು, ಅವಳೇ ಬಿತ್ತಿದಳು, ಹುರುಳಿಕಾಯಿ ಮೂಟೆಯನ್ನು ಬಸ್ಸಿಗೆ ಹಾಕಿಕೊಂಡು ರಾಯಕೋಟೆ ಸಂತೆಗೆ ಹೋಗಿ ದಲ್ಲಾಳಿಗಳ ಜೊತೆ ಗುದ್ದಾಡಿದಳು. ಅವಳಿಗೆ ಕನ್ನಡ, ತಮಿಳು, ತೆಲುಗು ಮೂರೂ ಬರುತ್ತಿದ್ದವು, ಮೂರರಲ್ಲೂ ಬೈಯುತ್ತಿದ್ದಳು. ಒಳ್ಳೆಯ ಮಾತನ್ನೂ ಬೈದೇ ಹೇಳುವುದು ಅವಳಿಗೆ ರೂಢಿಯಾಗಿಹೋಗಿತ್ತು.

ಒಂದು ವರ್ಷ ಕಾರ್ತಿಕದ ಮಂಜು ಬೀಳುವ ಹೊತ್ತಿಗೆ ಊರಿಗೆ ಜ್ವರ ಬಂತು. ಕರೋನಾ ಅಲ್ಲ, ಫ್ಲೂ ಜ್ವರ ಎಂದರು. ಯಾವುದಾದರೇನು, ಮನೆಮನೆಯಲ್ಲೂ ಕೆಮ್ಮು. ಕದಿರಮ್ಮ ವಾರದಷ್ಟು ದಿನ ಮೆಣಸಿನ ಕಷಾಯ ಕುಡಿದುಕೊಂಡು ಹೊಲಕ್ಕೆ ಹೋಗಿಬಂದಳು. ಕೊನೆಗೊಂದು ದಿನ ನೀರಿನ ಬಿಂದಿಗೆ ಎತ್ತಲು ಹೋಗಿ ಎತ್ತಲಾರದೆ ಅಲ್ಲೇ ಕೂತುಬಿಟ್ಟಳು. ಸುದ್ದಿ ತಿಳಿದು, ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಕಲ್ಪನಾ ರಜೆ ಹಾಕಿ ಅಲ್ಲೇ ಅಲಸನತ್ತದಲ್ಲಿದ್ದ ತನ್ನ ಮನೆಯಿಂದ ಓಡಿಬಂದಳು. ಊರಿನ ಆಟೋ ಕೊಂಡಪ್ಪನನ್ನು ಕರೆದು ತಾಯಿಯನ್ನು ಹೊಸೂರಿನ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು.

ಅಲ್ಲಿ ಬೆಂಚಿನ ಮೇಲೆ ಮೊದಲೇ ಪಾಪಣ್ಣ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಭಾಗ್ಯಲಕ್ಷ್ಮಿ. ಹಿಂದಿನ ದಿನದಿಂದ ಅವನಿಗೂ ಜ್ವರ. ಬೇರೆ ಜಾಗ ಇರಲಿಲ್ಲ. ಕದಿರಮ್ಮ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು.

"ಇಲ್ಲಿಗೂ ಬಂದವ್ಳೆ ನೋಡು," ಎಂದ ಪಾಪಣ್ಣ ಹೆಂಡತಿಗೆ.

"ನಿಮ್ಮಪ್ಪನ ಆಸ್ಪತ್ರೆ ಏನ್ಲಾ ಇದು?" ಎನ್ನಬೇಕೆಂದುಕೊಂಡಳು ಕದಿರಮ್ಮ. ಉಸಿರು ಸಾಲಲಿಲ್ಲ. ಬಾಯಿ ತೆರೆದು ಹಾಗೇ ಮುಚ್ಚಿದಳು. ಅವನ ಮಾತಿಗೆ ಅವಳು ಉತ್ತರ ಕೊಡದೆ ಬಿಟ್ಟದ್ದು ಅದೇ ಮೊದಲು. ಅದನ್ನು ಕಂಡಾಗಲೇ ಕಲ್ಪನಾಗೆ ನಿಜವಾದ ಹೆದರಿಕೆ ಹುಟ್ಟಿತು.

ಎಕ್ಸ್‌ರೇ ಕೋಣೆಯ ಹುಡುಗಿ ಎದೆಯನ್ನು ತಣ್ಣಗಿನ ಹಲಗೆಗೆ ಒತ್ತಿ ನಿಲ್ಲಿಸಿ, "ಮೂಚ್ಚ ಇಳುತ್ತು ಪುಡಿಮ್ಮಾ" ಎಂದು ತಮಿಳಿನಲ್ಲಿ ಹೇಳಿದಳು. ಉಸಿರೆಳೆದು ಹಿಡಿಯುವುದು ಎಲ್ಲಿಂದ? ಎಳೆದರೆ ಕೆಮ್ಮು ಬರುತ್ತಿತ್ತು. ಮತ್ತೆ ನಿಲ್ಲಿಸಿ ತೆಗೆದರು.

ಡಾಕ್ಟರ್ ನಂದಿತಾ ಕರ್ನಾಟಕದ ಕಡೆಯವರು, ಕನ್ನಡದಲ್ಲೇ ಮಾತಾಡುತ್ತಿದ್ದರು. ಕದಿರಮ್ಮನ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಕಲ್ಪನಾಗೆ ತೋರಿಸಿದರು. "ಗಾಳಿ ಇರೋ ಕಡೆ ಕಪ್ಪಗೆ ಕಾಣುತ್ತೆ ಅಮ್ಮ. ಇವರಿಗೆ ಎರಡೂ ಶ್ವಾಸಕೋಶದ ಕೆಳಭಾಗ ಪೂರ್ತಿ ಬೆಳ್ಳಗಾಗಿದೆ. ವೈರಸ್ಸಿನಿಂದ ಬಂದ ನಿಮೋನಿಯಾ. ಸಕ್ಕರೆ ಕಾಯಿಲೆ ಬೇರೆ ಇದೆ. ಈಗಲೇ ಸೇರಿಸಿ." ಆಕ್ಸಿಜನ್ ಹಾಕಿ ಅಲ್ಲೇ ಪರದೆಯ ಹಿಂದಿನ ಮಂಚದ ಮೇಲೆ ಮಲಗಿಸಿದರು. ವಾರ್ಡಿನಲ್ಲಿ ಜಾಗ ಆಗುವ ತನಕ ಅವಳು ಅಲ್ಲಿರಬೇಕಿತ್ತು.

ಹಾಗಾಗಿ ಪಾಪಣ್ಣನ ಸರದಿ ಬಂದಾಗ ಎಲ್ಲವೂ ಅವಳ ಕಿವಿಗೆ ಬಿತ್ತು.

"ನಿಮ್ಮ ಎಕ್ಸ್‌ರೇ ಸದ್ಯಕ್ಕೆ ಚೆನ್ನಾಗಿದೆ," ಎಂದರು ನಂದಿತಾ. "ಆದರೆ ಜ್ವರ ಬಂದು ಇನ್ನೂ ಎರಡನೇ ದಿನ. ಈ ಕಾಯಿಲೆಯಲ್ಲಿ ಚಿತ್ರ ಹಿಂದೆ ಬೀಳುತ್ತೆ, ಕಾಯಿಲೆ ಮುಂದೆ ಹೋಗಿರುತ್ತೆ. ಮಾತ್ರೆ ತಪ್ಪಿಸಬೇಡಿ, ಬೀಡಿ ಸೇದಬೇಡಿ, ಮನೇಲಿ ಮಲಗಿ. ಎರಡು ದಿನ ಬಿಟ್ಟು ಬಂದು ಇನ್ನೊಂದು ಎಕ್ಸ್‌ರೇ ತೆಗೆಸಲೇಬೇಕು. ಉಸಿರು ಕಟ್ಟಿದರೆ ಅಲ್ಲೀವರೆಗೂ ಕಾಯಬೇಡಿ, ಆಗಲೇ ಬನ್ನಿ."

"ಅಂದ್ರೆ ನಂಗೇನೂ ಇಲ್ಲ ಅಲ್ವ್ರಾ?"

"ಇವತ್ತು ಕಾಣ್ತಾ ಇಲ್ಲ ಅಂದೆ. ಇಲ್ಲ ಅನ್ನಲಿಲ್ಲ."

ಅವರ ಮಾತಿನ ಎರಡನೇ ಅರ್ಧ ಪಾಪಣ್ಣನ ತಲೆಗೆ ಹೋಗಲಿಲ್ಲ. ಪರದೆಯಾಚೆ ಯಾರಿದ್ದಾರೆಂದು ಗೊತ್ತಿದ್ದೇ ಭಾಗ್ಯಲಕ್ಷ್ಮಿ ಹೊರಗೆ ಹೋಗುತ್ತಾ ಗಟ್ಟಿಯಾಗಿ ಅಂದಳು: "ಕಪ್ಪಗಿದ್ರೆ ಒಳ್ಳೇದಂತೆ ಕಣ್ರೀ. ಒಬ್ಬೊಬ್ರಿಗೆ ಹೊಟ್ಟೆಕಿಚ್ಚೆಲ್ಲಾ ಉರಿದು ಬೂದಿಯಾಗಿ ಎದೇಲಿ ಬೆಳ್ಳಗೆ ಕೂತಿರ್ತದೆ."

ಪಾಪಣ್ಣ ನಕ್ಕ. ನಗುತ್ತಾ ಕೆಮ್ಮಿದ.

ವಾರ್ಡಿನ ಮೊದಲ ದಿನಗಳು ಕದಿರಮ್ಮನಿಗೆ ಸರಿಯಾಗಿ ನೆನಪಿಲ್ಲ. ಮೂಗಿಗೂ ಬಾಯಿಗೂ ಬಿಗಿದ ಮಾಸ್ಕು, ಬೋರಲು ಮಲಗಿಸುವ ನರ್ಸುಗಳು, ಬಾವಿಯ ತಳದಿಂದ ನೀರು ಸೇದಿದ ಹಾಗೆ ಒಂದೊಂದು ಉಸಿರನ್ನೂ ಎಳೆದು ತರುವ ಕೆಲಸ. ಎಚ್ಚರವಾದಾಗಲೆಲ್ಲ ಭಾಗ್ಯಲಕ್ಷ್ಮಿಯ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ಇವಳು ನನ್ನ ತಿಥಿಗೆ ಬಂದು ವಡೆ ತಿನ್ನುತ್ತಾಳೆ ಎಂದು ನೆನೆದು ಹಲ್ಲು ಕಚ್ಚುತ್ತಿದ್ದಳು. ದೇವರ ಹೆಸರಂತೂ ನೆನಪಿಗೆ ಬರಲಿಲ್ಲ.

"ಚಿತ್ರ ನೋಡಿದ್ರೆ ಭಯ ಆಗುತ್ತೆ," ಎಂದು ನಂದಿತಾ ಕಲ್ಪನಾಗೆ ಹೇಳಿದ್ದರು. "ಆದರೆ ಚಿತ್ರ ಒಂದನ್ನೇ ನೋಡಿ ಬದುಕ್ತಾರೆ, ಇಲ್ಲ ಅಂತ ಹೇಳೋಕೆ ಆಗಲ್ಲ. ಆಕ್ಸಿಜನ್ ಎಷ್ಟು ಬೇಕಾಗ್ತಿದೆ ನೋಡೋಣ. ಇವರು ಬಂದಾಗಲೇ ಕಾಯಿಲೆ ವಾರ ದಾಟಿತ್ತು. ಏರೋದೆಲ್ಲ ಏರಿ ನಿಂತಿದ್ರೆ, ಇನ್ನು ಇಳಿಯಬೇಕು."

ಇಳಿಯಿತು. ಜ್ವರ ಬಿಟ್ಟಿತು. ಆಕ್ಸಿಜನ್ ಕಡಿಮೆ ಮಾಡಿದರು. ಮಗಳು ಗಂಜಿ ಕುಡಿಸುತ್ತಿರುವಾಗ ಕದಿರಮ್ಮ ಮೊದಲು ಕೇಳಿದ್ದು ಇದನ್ನೇ:

"ಅವ್ನು ಬಂದಿದ್ನಾ, ಇನ್ನೊಂದ್ಕಿತ ಪಟ ತೆಗೆಸ್ಕಳಕ್ಕೆ?"

"ಯಾರಮ್ಮ?"

"ಅವ್ನೇ. ಆ ಮನೆಹಾಳ."

ಕಲ್ಪನಾ ಕೊಂಡಪ್ಪನನ್ನು ವಿಚಾರಿಸಿ ತಿಳಿದಿದ್ದಳು. ಪಾಪಣ್ಣ ಬಂದಿರಲಿಲ್ಲ. ಟೊಮೆಟೊಗೆ ಔಷಧಿ ಹೊಡೆಯುತ್ತಿದ್ದ. ಟೀ ಅಂಗಡಿಯಲ್ಲಿ ಎಕ್ಸ್‌ರೇ ಫಿಲ್ಮನ್ನು ಬಿಸಿಲಿಗೆ ಹಿಡಿದು, "ನೋಡ್ರಲಾ, ನನ್ನೆದೆ ಹೆಂಗೈತೆ!" ಎಂದು ಎಲ್ಲರಿಗೂ ತೋರಿಸಿದ್ದ. ಎರಡು ಹೆಜ್ಜೆ ಇಟ್ಟರೆ ಈಗ ಏದುಸಿರು ಬಿಡುತ್ತಾನೆ ಎಂದೂ ಕೊಂಡಪ್ಪ ಹೇಳಿದ್ದ.

ಕದಿರಮ್ಮ ಗಂಜಿಯ ಲೋಟ ಪಕ್ಕಕ್ಕೆ ತಳ್ಳಿದಳು. "ಫೋನ್ ಹಾಕು."

"ಅವ್ರಿಗಾ? ಬ್ಯಾಡಮ್ಮ. ನಾನೇ ಚಿಕ್ಕಮ್ಮಂಗೆ ನಿಧಾನಕ್ಕೆ ಹೇಳ್ತೀನಿ."

"ಹಾಕೇ ಅಂದ್ರೆ!"

ಯಾಕೆ ಫೋನು ಮಾಡಿದಳೆಂದು ಆಮೇಲೆ ಎಷ್ಟೋ ಜನ ಕೇಳಿದರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಳು. ಅವನು ಸತ್ತರೆ ಕೇಸು ಬಿದ್ದುಹೋಗುತ್ತಿತ್ತು ಎಂದಳು. ಆ ಡಾಕ್ಟ್ರಮ್ಮ ಅಷ್ಟು ಬಡ್ಕೊಂಡ್ರಲ್ಲ, ಅದಕ್ಕೆ ಎಂದಳು. ಆ ಗಳಿಗೆಯಲ್ಲಿ ಅವಳಿಗಿದ್ದದ್ದು ಸಿಟ್ಟು. ಉಸಿರು ಸಿಗದೆ ಒದ್ದಾಡುವುದು ಏನೆಂದು ಅವಳ ಎದೆಗೆ ಗೊತ್ತಿತ್ತು, ಆ ದಡ್ಡನಿಗೆ ಗೊತ್ತಿರಲಿಲ್ಲ, ಅದಕ್ಕೇ ಸಿಟ್ಟು.

ಆಚೆ ಕಡೆ ಪಾಪಣ್ಣನೇ ಎತ್ತಿದ. ಅವಳು ಮಾಸ್ಕು ಕಿತ್ತು ಕೂಗಿದಳು:

"ಲೇ ಪಾಪಣ್ಣ, ಕಿವಿಗೇನ್ಲಾ ಹಾಕ್ಕೊಂಡಿದ್ದೆ? ಮತ್ತೆ ಬಂದು ಪಟ ತೆಗೆಸ್ಕೋ ಅಂತ ಹೇಳಿರ್ನಿಲ್ವಾ ಆಯಮ್ಮ? ಎದ್ದು ಹೋಗ್ಲಾ ಆಸ್ಪತ್ರೆಗೆ. ಹೋಗ್ನಿಲ್ಲಾ ಅಂದ್ರೆ ಸತ್ತೋಯ್ತೀಯ ಕಣ್ಲಾ, ಸತ್ತೋಯ್ತೀಯ!"

ಏದುಸಿರಿನ ನಡುವೆ ಅವನ ದನಿ ಬಂತು. "ನೀನು ಸಾಯಕ್ಕೆ ಬಿದ್ದಿದ್ದೀಯ. ಜೊತೆಗೆ ನನ್ನೂ ಕರೀತೀಯಾ? ನೀನು ಹೋಗು ಅಂದ್ಮೇಲೆ ನಾನು ಹೋಗೋದೇ ಇಲ್ಲ. ಮಡಗು ಫೋನು."

ಆ ಪಟ್ಟಿಗೆ ಬಿದ್ದವನು ಮರುದಿನವೂ ಹೊಲಕ್ಕೆ ಹೋದ. ಅಲ್ಲೇ ಸಾಲಿನ ನಡುವೆ ಕುಸಿದ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕೃಷ್ಣಗಿರಿಯ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಕಪ್ಪು ಹುಡುಕಬೇಕಾಗಿತ್ತು. ಮೇಲಿಂದ ಕೆಳಗಿನ ತನಕ ಎದೆಯೆಲ್ಲ ಸುಣ್ಣ ಬಳಿದ ಹಾಗಿತ್ತು. ಉಸಿರಾಟದ ಯಂತ್ರ ಹಾಕಿದರು. ಕದಿರಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಪಾಪಣ್ಣನ ಹೆಣವೂ ಊರಿಗೆ ಬಂತು.

ಅವಳು ಸಾವಿನ ಮನೆಯ ಅಂಗಳಕ್ಕೆ ಕಾಲಿಡುತ್ತಿದ್ದ ಹಾಗೆಯೇ ಭಾಗ್ಯಲಕ್ಷ್ಮಿ ಕೂದಲು ಕೆದರಿಕೊಂಡು ಎದ್ದಳು. ಬಗ್ಗಿ ಎರಡೂ ಕೈಯಲ್ಲಿ ಮಣ್ಣು ಬಾಚಿ ಅವಳ ಮುಖಕ್ಕೆ ತೂರಿದಳು.

"ಫೋನ್ ಮಾಡಿ ಶಾಪ ಹಾಕ್ದಲ್ಲೇ! ಸತ್ತೋಯ್ತೀಯ ಸತ್ತೋಯ್ತೀಯ ಅಂತ ಎರಡು ಕಿತ ಅಂದ್ಯಲ್ಲೇ! ನಿನ್ನ ನಾಲಿಗೆ ಸೇದೋಗ!"

ಕದಿರಮ್ಮ ಕಣ್ಣಿನ ಮಣ್ಣನ್ನೂ ಒರೆಸಿಕೊಳ್ಳದೆ ಹಿಂದಿರುಗಿದಳು. ಹೆಣಕ್ಕೆ ಒಂದು ಹಿಡಿ ಅಕ್ಕಿ ಹಾಕಲೂ ಅವಳನ್ನು ಬಿಡಲಿಲ್ಲ.

ಅಲ್ಲಿಂದ ಊರೇ ಅವಳಿಗೆ ಬೆನ್ನು ತಿರುಗಿಸಿತು. ಹುರುಳಿಕಾಯಿ ಬಿಡಿಸಲು ಕರೆದರೆ ಹೆಂಗಸರು ಬರಲಿಲ್ಲ. ಎದುರಿಗೆ ಬಂದವರು ಮಕ್ಕಳನ್ನು ಸೆರಗಿಗೆ ಎಳೆದುಕೊಂಡರು. ಶಾಪದ ಮಾತನ್ನು ನಂಬದವರಿಗೆ ಇನ್ನೊಂದು ಕತೆ ಸಿಕ್ಕಿತು. ಅದನ್ನು ಹುಟ್ಟಿಸಿದವನು ಭಾಗ್ಯಲಕ್ಷ್ಮಿಯ ಅಣ್ಣ ಮುತ್ತರಾಯಪ್ಪ. ಬೆಳ್ಳಗಿದ್ದ ಎದೆಯವಳು ನಡೆದುಕೊಂಡು ಬಂದಳು, ಕಪ್ಪಗಿದ್ದವನು ಚಟ್ಟ ಏರಿದ, ಇದು ಹೇಗೆ? ಎಕ್ಸ್‌ರೇ ಅದಲುಬದಲಾಗಿದೆ. ಬೆಳ್ಳಗಿದ್ದದ್ದು ಪಾಪಣ್ಣನದು. ಆ ಮುಂಡೆ, ನರ್ಸಿಗೆ ಏನೋ ಹೇಳಿ ತನ್ನ ಹೆಸರಿಗೆ ಮಾಡಿಸಿಕೊಂಡು, ಅವನಿಗೆ ಸಿಗಬೇಕಿದ್ದ ಮಂಚದ ಮೇಲೆ ತಾನು ಮಲಗಿದಳು.

ತಿಥಿ ಮುಗಿದ ಮೇಲೆ ಮುತ್ತರಾಯಪ್ಪ ತಂಗಿಯನ್ನೂ ಒಂದು ಟೆಂಪೊ ತುಂಬ ಜನರನ್ನೂ ಕಟ್ಟಿಕೊಂಡು ನರ್ಸಿಂಗ್ ಹೋಮಿಗೆ ಗಲಾಟೆಗೆ ಹೊರಟ. ವಿಷಯ ಕದಿರಮ್ಮನ ಕಿವಿಗೆ ಬಿತ್ತು. ಕಲ್ಪನಾ ಬೇಡವೆಂದು ಫೋನಿನಲ್ಲಿ ಅತ್ತಳು. "ಅವ್ನ ಪಟಾನ ನಾನು ಕದ್ನಾ?" ಎಂದು ಇವಳು ಕೊಂಡಪ್ಪನ ಆಟೋ ಹತ್ತಿದಳು.

ಅವಳು ಹೋಗುವಷ್ಟರಲ್ಲಿ ನಂದಿತಾ ಅವರ ಕೋಣೆ ತುಂಬಿತ್ತು. ಮುತ್ತರಾಯಪ್ಪ ಮೇಜು ಗುದ್ದುತ್ತಿದ್ದ. ಡಾಕ್ಟರ ಮುಖ ಬಿಳಿಚಿಕೊಂಡಿತ್ತು, ಆದರೂ ದನಿ ಏರಿರಲಿಲ್ಲ. ಮೊದಲ ದಿನ ಚೆನ್ನಾಗಿ ಕಂಡ ಎದೆ ನಾಲ್ಕೈದು ದಿನದಲ್ಲಿ ಹಾಗಾಗುವುದುಂಟು ಎಂದು ಅವರು ಹೇಳುತ್ತಿದ್ದರು. ಅದನ್ನು ಕೇಳಲು ಯಾರೂ ಬಂದಿರಲಿಲ್ಲ.

"ಈಯಮ್ಮ ಬದುಕಿರೋದೇ ಸಾಕ್ಷಿ!" ಎಂದು ಮುತ್ತರಾಯಪ್ಪ ಕದಿರಮ್ಮನ ಕಡೆ ಬೆರಳು ತೋರಿಸಿದ.

ಕದಿರಮ್ಮ ಬಾಗಿಲಿಗೆ ಒರಗಿ ಉಸಿರು ಹಿಡಿದುಕೊಂಡಳು. "ಭಾಗ್ಯ, ನಿನ್ ಕೈಲಿರೋ ಎರಡು ಪಟಾನೂ ಆಯಮ್ಮನ ಕೈಗೆ ಕೊಡು," ಎಂದಳು. "ಡಾಕ್ಟ್ರಮ್ಮ, ಬಲಗಡೆ ಪಕ್ಕೆ ಮೂಳೆ ನೋಡಿ. ಒಂದು ಗಂಟು ಕಟ್ಟಿರ್ಬೇಕು."

ನಂದಿತಾ ಎರಡು ಫಿಲ್ಮನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಹೊಸೂರಿನದು ಕಪ್ಪು, ಕೃಷ್ಣಗಿರಿಯದು ಬಿಳುಪು. ಎರಡರಲ್ಲೂ ಬಲಗಡೆಯ ಒಂದು ಪಕ್ಕೆಲುಬು ಒಂದೇ ಜಾಗದಲ್ಲಿ ಸೊಟ್ಟಗೆ ಕೂಡಿಕೊಂಡಿತ್ತು. ಕಂಪ್ಯೂಟರಿನಲ್ಲಿ ಕದಿರಮ್ಮನ ಚಿತ್ರವನ್ನೂ ತೆರೆದರು. ಅದರಲ್ಲಿ ಆ ಗಂಟಿರಲಿಲ್ಲ.

"ಹಳೇ ಮುರಿತ," ಎಂದರು ನಂದಿತಾ. "ಎರಡೂ ಒಬ್ಬರದೇ. ನಿಮಗೆ ಹೇಗೆ ಗೊತ್ತು?"

"ಅವ್ನ ಮದುವೆಗೆ ಮುಂಚೆ ಎತ್ತು ಬಿಡೋ ಹಬ್ಬದಾಗೆ ಹೋರಿ ಗುದ್ದಿತ್ತು," ಎಂದಳು ಕದಿರಮ್ಮ. "ನಮ್ಮತ್ತೆ ಆಗ್ಲೇ ಹೋಗ್ಬುಟ್ಟಿದ್ರು. ತಿಂಗಳಾನುಗಟ್ಲೆ ಪಟ್ಟಿ ಕಟ್ಟಿ, ಉಣ್ಣಕ್ಕಿಕ್ಕಿ, ಎತ್ತಿ ಕೂರ್ಸಿದ್ದು ನಾನು. ಆಗ ನೀನೆಲ್ಲಿದ್ಯೇ ಭಾಗ್ಯ?"

ಕೆಲವರು ಮೆಲ್ಲಗೆ ಹೊರಗೆ ಜಾರಿದರು. ಅಲ್ಲಿಗೆ ಇಬ್ಬರೂ ಸುಮ್ಮನಾಗಿದ್ದರೆ ಆಗುತ್ತಿತ್ತು. ಭಾಗ್ಯಲಕ್ಷ್ಮಿ ಸುಮ್ಮನಾಗಲಿಲ್ಲ.

"ಹಂಗಾದ್ರೆ ಪಟ ಅಲ್ಲ, ನಿನ್ನ ಬಾಯೇ ಕೊಂದಿದ್ದು. ನೀನು ಹೇಳ್ದೆ ಅಂತಾನೇ ಅವ್ರು ಹೋಗ್ನಿಲ್ಲ."

"ನಾನು ಹೇಳ್ದೆ, ಅದಕ್ಕೆ ಹೋಗ್ನಿಲ್ಲ. ಆಯ್ತು," ಎಂದಳು ಕದಿರಮ್ಮ. "ಡಾಕ್ಟ್ರಮ್ಮ ಹೇಳ್ದಾಗ ನೀನೂ ಪಕ್ಕದಾಗೆ ನಿಂತಿದ್ದೆ. ನಿನಗೆ ಕಿವಿ ಇತ್ತು. ಒಂದೇ ಚಾಪೇಲಿ ಮಲಗೋಳು, ಅವ್ನು ಏದುಸಿರು ಬಿಡೋದು ನಿನಗೆ ಕೇಳಿಸ್ನಿಲ್ವಾ? ನನ್ನ ಬಾಯಿ ಕೊಂದಿದ್ರೆ ನಿನ್ನ ಕಿವೀನೂ ಕೊಂದೈತೆ."

ಭಾಗ್ಯಲಕ್ಷ್ಮಿಯ ಮುಖ ಮುದುಡಿತು. ಗೋಡೆ ಹಿಡಿದು ಹಾಗೇ ಕೆಳಗೆ ಕೂತಳು. ಅಣ್ಣ ರಟ್ಟೆ ಹಿಡಿದು ಎತ್ತಬೇಕಾಯಿತು.

ಗೆದ್ದೆ ಎನ್ನುವ ಸುಖ ಕದಿರಮ್ಮನಿಗೆ ಸಿಗಲಿಲ್ಲ. ಆಟೋದಲ್ಲಿ ಬರುವಾಗ ಕೊಂಡಪ್ಪ, "ಒಸಿ ಜಾಸ್ತಿ ಆಯ್ತು ಕದಿರಕ್ಕ," ಎಂದ. "ಮುಚ್ಕೊಂಡು ಓಡಿಸ್ಲಾ," ಎಂದಳು. ಸ್ವಲ್ಪ ದೂರ ಬಂದ ಮೇಲೆ ಗಾಡಿ ನಿಲ್ಲಿಸೆಂದು ಇಳಿದು, ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಅತ್ತಳು. ಅತ್ತರೂ ಉಸಿರು ಕಟ್ಟುತ್ತಿತ್ತು. ನಿಲ್ಲಿಸಿ ನಿಲ್ಲಿಸಿ ಅಳಬೇಕಾಯಿತು. ಮೈದುನನಿಗೆ "ಏನಪ್ಪಾ, ಉಸಿರು ಕಟ್ತೈತಾ?" ಎಂದು ಕೇಳಿದ್ದರೆ ಅವನು ಹೋಗುತ್ತಿದ್ದನೋ ಏನೋ. ಆ ಮಾತು ಅವಳ ಬಾಯಿಗೆ ಬರುತ್ತಿರಲಿಲ್ಲ, ಬಂದಿದ್ದರೂ ಅವನು ನಂಬುತ್ತಿರಲಿಲ್ಲ. ಇಬ್ಬರೂ ಸೇರಿ ವರ್ಷಗಟ್ಟಲೆ ದುಡಿದು ಹಾಗೆ ಮಾಡಿಟ್ಟಿದ್ದರು.

ಎಕ್ಸ್‌ರೇ ಕಳವಿನ ಮಾತು ಊರಲ್ಲಿ ಸತ್ತಿತು. ಶಾಪದ ಮಾತು ಉಳಿಯಿತು. ಮುಂಗಾರಿನ ಹೊತ್ತಿಗೆ ಕದಿರಮ್ಮ ಮತ್ತೆ ಪರೀಕ್ಷೆಗೆ ಹೋದಾಗ ಅವಳ ಎದೆ ಬಹುಪಾಲು ಕಪ್ಪಗಾಗಿತ್ತು, ಕೆಳಗೆ ಒಂದೆರಡು ಬಿಳಿ ಗೆರೆ ಮಾತ್ರ. ಆ ಗೆರೆಗಳು ಹಾಗೇ ಇರುತ್ತವೆ ಎಂದರು ನಂದಿತಾ. ಮೂಟೆ ಹೊರುವ ಕೆಲಸ ಮುಗಿಯಿತು. ಏರುದಾರಿಯಲ್ಲಿ ಎರಡು ಸಲ ನಿಂತು ನಡೆಯಬೇಕು.

ಮರುವರ್ಷದ ಚಳಿಯಲ್ಲಿ ಗೋಡೆಯಾಚೆ ಭಾಗ್ಯಲಕ್ಷ್ಮಿ ಕೆಮ್ಮತೊಡಗಿದಳು. ಒಣ ಕೆಮ್ಮು, ಬಿಡದ ಕೆಮ್ಮು. ಕದಿರಮ್ಮ ಅದನ್ನು ಎರಡು ದಿನ ಕೇಳಿದಳು. ಹೇಳಿದರೆ ಶಾಪ, ಹೇಳದಿದ್ದರೆ ಕೆಮ್ಮು. ಮೂರನೆಯ ದಿನ ಬೆಳಗ್ಗೆ ಕೊಂಡಪ್ಪನನ್ನು ಕರೆದು ಆಟೋ ಒಯ್ದು ಅವಳ ಬಾಗಿಲಲ್ಲಿ ನಿಲ್ಲಿಸು ಎಂದಳು. ನನ್ನ ಹೆಸರು ಎತ್ತಬೇಡ ಎಂದೂ ಹೇಳಿದಳು.

"ಯಾರು ಕಳಿಸಿದ್ದು?" ಎಂದು ಭಾಗ್ಯಲಕ್ಷ್ಮಿ ಕೇಳುವುದು ಗೋಡೆಯಾಚೆಯಿಂದ ಕೇಳಿಸಿತು. ಕೊಂಡಪ್ಪ ತಡವರಿಸಿದ.

"ಅವ್ಳಾ? ತಗಂಡೋಗ್ಲಾ ನಿನ್ ಗಾಡೀನ! ಅವಳು ಹತ್ತಿದ ಸೀಟಿನ ಮೇಲೆ ನಾನು ಕೂರ್ತೀನಾ?"

ಆಟೋ ಖಾಲಿಯಾಗಿ ಹೋಯಿತು. ಕದಿರಮ್ಮ ಜಗಲಿಯ ಮೇಲೆ ಕೂತೇ ಇದ್ದಳು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಗೆ ಬೀಗ ಹಾಕಿದ ಸದ್ದಾಯಿತು. ಭಾಗ್ಯಲಕ್ಷ್ಮಿ ಶಾಲು ಹೊದ್ದು, ಇವಳ ಕಡೆ ತಿರುಗಿಯೂ ನೋಡದೆ, ಕೆಮ್ಮುತ್ತಾ ಬಸ್ ನಿಲ್ದಾಣದ ಕಡೆ ನಡೆದಳು. ಸಂಜೆ ಬಸ್ಸಿಳಿದಾಗ ಕೈಯಲ್ಲಿ ಎಕ್ಸ್‌ರೇಯ ದೊಡ್ಡ ಕವರಿತ್ತು. ಎರಡು ದಿನ ಬಿಟ್ಟು ಮತ್ತೆ ಹೋದಳು. ಇನ್ನೊಂದು ಕವರು ಬಂತು. ಆ ಸಲ ಅವಳು ಆಸ್ಪತ್ರೆಗೆ ಸೇರಬೇಕಾಗಲಿಲ್ಲ.

ಅವರಿಬ್ಬರಿಗೂ ಈಗಲೂ ಮಾತಿಲ್ಲ. ಹೋದ ತಿಂಗಳು ಚರಂಡಿ ನೀರಿನ ವಿಷಯಕ್ಕೆ ಬೀದಿಯಲ್ಲಿ ಜಗಳ ಕೂದಲು ಹಿಡಿದುಕೊಳ್ಳುವ ತನಕ ಹೋಗಿತ್ತಂತೆ. ಬಿಡಿಸಲು ಹೋದ ಕೊಂಡಪ್ಪನಿಗೆ ಇಬ್ಬರೂ ಸೇರಿ ಬೈದರು.